ಸರಿಯಾದ ಶ್ರುತಿ

ವೇದಾ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿ "ನೀವೇ ನೋಡಿ ಸರ್" ಎಂದರೂ ಭೀಮರಾಜ ನೋಡಲಿಲ್ಲ. ಗಾಜಿನ ಗೋಡೆಯ ಆಚೆ, ಕೆಳಗೆ, ಹೆಬ್ಬಾಳದ ಫ್ಲೈಓವರಿನ ಮೇಲೆ ಕಾರುಗಳು ಅಲುಗಾಡದೆ ನಿಂತಿದ್ದವು. ಒಳಗೆ ಕೂತವರೆಲ್ಲ ಹಾರನ್ ಒತ್ತುತ್ತಿರಬೇಕು. ಈ ಗಾಜು ಅದನ್ನು ಒಳಗೆ ಬಿಡುವುದಿಲ್ಲ. ಸದ್ದಿಲ್ಲದ ಸಿಟ್ಟು ನೋಡಲಿಕ್ಕೆ ಎಷ್ಟು ಅಚ್ಚುಕಟ್ಟಾಗಿರುತ್ತದೆ ಎಂದು ಅವನಿಗೆ ಅನ್ನಿಸಿತು. ಅವನ ಕೆಲಸವೇ ಕೇಳುವುದು. ಎಲ್ಲೆಲ್ಲಿಂದಲೋ ಬಂದು ಬೀಳುವ ಧ್ವನಿಮುದ್ರಣಗಳಿಗೆ ಯಂತ್ರ ಮೊದಲೇ ಲಯದ ವೇಗ ಅಂದರೆ ಟೆಂಪೋ ಇಷ್ಟು, ಶ್ರುತಿ ಅಂದರೆ ಕೀ ಇಂಥದ್ದು, ಭಾವ ಅಂದರೆ ಮೂಡ್ ಇಂಥದ್ದು ಎಂದು ಊಹೆ ಮಾಡಿಟ್ಟಿರುತ್ತಿತ್ತು. ಆ ಊಹೆ ಸರಿಯೋ ತಪ್ಪೋ ಎಂದು ಕಿವಿಯಿಂದ ಕೇಳಿ ಹೇಳಬೇಕು, ಅಷ್ಟೇ. ವೇದಾ ಕೆಲಸದಲ್ಲಿ ಅವನ ಮೇಲಿನವಳು, ವಯಸ್ಸಿನಲ್ಲಿ ತುಂಬ ಚಿಕ್ಕವಳು. ಯಾರಿಗೂ ನೋವಾಗದಂತೆ ಮಾತಾಡುವುದನ್ನು ಯಾವುದೋ ತರಬೇತಿಯಲ್ಲಿ ಕಲಿತುಬಂದವಳಂತೆ ಮಾತಾಡುತ್ತಿದ್ದಳು.

"ಟೆಂಪೋ, ಕೀ ಎರಡ್ರಲ್ಲೂ ನಿಮ್ಮಷ್ಟು ಕರೆಕ್ಟ್ ಇಡೀ ಟೀಮಲ್ಲಿ ಯಾರೂ ಇಲ್ಲ ಸರ್. ಪ್ರಾಬ್ಲಮ್ ಇರೋದು ಮೂಡ್‌ನಲ್ಲಿ. ಈ ತಿಂಗಳು ಎಲ್ಲಾದಕ್ಕೂ ಹಾಸ್ಟೈಲ್ ಅಂತ, ಹಗೆ ಅಂತ ಹಾಕಿದೀರ."

"ಎಲ್ಲಾದಕ್ಕೂ ಇಲ್ಲ."

"ಲಾಲಿ ಹಾಡಿಗೆ ಹಾಕಿದೀರ ಸರ್. ಮಗು ಮಲಗ್ಸೋ ಹಾಡಿಗೆ."

ಆ ಲಾಲಿ ಅವನಿಗೆ ನೆನಪಿತ್ತು. ತಿಳಿಯದ ಭಾಷೆಯಲ್ಲಿ ಯಾವಳೋ ಹೆಂಗಸು ಹಾಡಿದ್ದು. ದನಿ ಬೆಣ್ಣೆಯಂತಿತ್ತು, ಆದರೆ ಪ್ರತಿ ಸಾಲಿನ ಕೊನೆಯಲ್ಲಿ ಹಲ್ಲು ಕಚ್ಚಿದ ಹಾಗೆ ಸ್ವರ ತುಂಡಾಗುತ್ತಿತ್ತು. ಮಲಗು, ಸಾಕು, ನನ್ನನ್ನು ಬಿಡು ಎನ್ನುವಂತೆ. ಅದನ್ನು ವೇದಾಗೆ ಹೇಳುವುದು ಹೇಗೆ? ಹೇಳಿದರೆ ಅವಳು ತಲೆಯಾಡಿಸಿ ಇನ್ನಷ್ಟು ಮೃದುವಾಗುತ್ತಾಳೆ. ಅವಳು ಆಗಲೇ ಮೃದುವಾಗಿದ್ದಳು. "ಮನೇಲಿ ಎಲ್ಲಾ ಸರಿಯಾಗಿದ್ಯಾ ಸರ್?" ಎಂದು ಕೇಳಿದಳು. ಅವನ ಕಿವಿ ಬಿಸಿಯಾಯಿತು. ಸ್ವಲ್ಪ ದಿನ ಮೂಡ್ ಕಾಲಂ ಬೇರೆಯವರು ನೋಡಿಕೊಳ್ಳಲಿ, ನೀವು ಟೆಂಪೋ, ಕೀ ಅಷ್ಟೇ ನೋಡಿ, ಇದು ಪನಿಶ್‌ಮೆಂಟ್ ಅಲ್ಲ ಎಂದಳು. ಗಾಜಿನ ಕೋಣೆಯಿಂದ ಹೊರಗೆ ಬರುವಾಗ ಸಾಲು ಸಾಲಾಗಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವರು ಯಾರೂ ತಲೆಯೆತ್ತಲಿಲ್ಲ. ಎತ್ತದೆ ಇದ್ದುದರಿಂದಲೇ ಎಲ್ಲರಿಗೂ ಗೊತ್ತಿದೆ ಎಂದು ಅವನಿಗೆ ಗೊತ್ತಾಯಿತು.

ಭಾವ ಹೇಳುವ ಕೆಲಸ ಕಿತ್ತುಕೊಂಡರು, ಅಳೆಯುವ ಕೆಲಸ ಉಳಿಸಿದರು. ಯಶವಂತಪುರದ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಪಿಟೀಲು ಕಲಿಸುತ್ತಿದ್ದ ಮೇಷ್ಟ್ರು ಅವನ ಹದಿನೆಂಟನೆಯ ವಯಸ್ಸಿನಲ್ಲಿ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರು. "ನಿನಗೆ ಕಿವಿ ಇದೆ ಕಣಯ್ಯ, ಕೈಯಿಲ್ಲ." ಹೇಳಿ, ಅವನ ಎದುರಿಗೇ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಮುಂದಿನ ಹುಡುಗನನ್ನು ಕರೆದಿದ್ದರು. ಅಂದು ಶೆಟ್ಟಿಹಳ್ಳಿಗೆ ವಾಪಸು ಬರುವ ಬಸ್ಸಿನಲ್ಲಿ ಪಿಟೀಲಿನ ಪೆಟ್ಟಿಗೆ ಯಾರ ಯಾರ ಮೊಣಕಾಲಿಗೋ ತಾಗುತ್ತಿತ್ತು. ತೆಗಿಯೋ ಅದನ್ನ ಎಂದು ಒಬ್ಬ ಗದರಿದ್ದ. ಆಗಲೂ ಅವನಿಗೆ ಕೇಳಿಸಿದ್ದು ಮಾತಲ್ಲ, ಮಾತಿನ ಶ್ರುತಿ. ಹೆಂಡತಿ ಮಾಲಾ ನಕ್ಕದ್ದೂ ಹಾಗೆಯೇ, ಈ ಬುಧವಾರ ಸಂಜೆ. ಪದವಿಲ್ಲದ ಬರಿಯ ಶ್ರುತಿ.

ಯಲಹಂಕ ನ್ಯೂ ಟೌನಿನಲ್ಲಿ ಗ್ರಾನೈಟ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಮುಸರ್ರತ್ ಎಂಬವಳು ಬ್ಯಾಲೆ ಕಲಿಸುತ್ತಾಳೆ. ಆರ್.ಟಿ. ನಗರದವಳು, ನಲವತ್ತರ ಆಸುಪಾಸು, ಬೆನ್ನು ಗೋಡೆಗೆ ಒರಗಿಸಿಟ್ಟ ಕೋಲಿನಂತೆ ನೆಟ್ಟಗೆ. ಬರುವವರು ಹೆಚ್ಚಿನಂಶ ಸಣ್ಣ ಹುಡುಗಿಯರು. ಭಾನುವಾರ ಮತ್ತು ಬುಧವಾರ ಮಾತ್ರ ದೊಡ್ಡವರ ಒಂದು ಗುಂಪು, ಆ ಗುಂಪಿನಲ್ಲಿ ಅವನ ಹೆಂಡತಿ. ಪಿಯು ಕಾಲೇಜಿನಲ್ಲಿ ಗಣಿತ ಹೇಳುವವಳು, ಹಾಸ್ಟೆಲಿನಲ್ಲಿ ಓದುವ ಮಗನ ತಾಯಿ, ಮೂವತ್ತೆಂಟನೆಯ ವಯಸ್ಸಿನಲ್ಲಿ ಒಂದು ದಿನ ಮೆತ್ತನೆಯ ಬೂಟು ಕೊಂಡುತಂದಳು. ಯಾಕೆ ಎಂದು ಕೇಳಿದ್ದಕ್ಕೆ "ಕಾಲು ನಂದು ಅಂತ ಗೊತ್ತಾಗ್ಲಿ ಅಂತ" ಎಂದಿದ್ದಳು. ಅವನ ತಾಯಿ ಮಾರಕ್ಕ ಹೊಸ್ತಿಲಲ್ಲಿ ನಿಂತು, "ಈ ವಯಸ್ನಾಗೆ ಇಂಗ್ ಕಾಲೆತ್ತಿದ್ರೆ ನೋಡ್ದೋರು ಏನಂತಾರೆ" ಎಂದು ಮಗನ ಮುಖ ನೋಡಿದ್ದಳು. ಅವನು ಏನಾದರೂ ಹೇಳಲಿ ಎಂದು ಇಬ್ಬರೂ ಕಾದಿದ್ದರು. ಅವನು ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡ.

ಮೂರು ವರ್ಷದ ಮೇಲೆ ಈಗ ಅವಳಿಗೆ ಒಂಟಿಯಾಗಿ ಕುಣಿಯಲು ಒಂದು ತುಣುಕು ಸಿಕ್ಕಿತ್ತು. ಭಾನುವಾರದ ವಾರ್ಷಿಕೋತ್ಸವಕ್ಕೆ. ಯಾವುದೋ ಹಳೆಯ ಬ್ಯಾಲೆಯ ಎರಡನೆಯ ಅಂಕದ ನಿಧಾನದ ಭಾಗ. ಎಂದೋ ಟೇಪಿನಲ್ಲಿ ಹಿಡಿದು, ಆಮೇಲೆ ಯಾರೋ ಕಂಪ್ಯೂಟರಿಗೆ ಇಳಿಸಿ, ಕೈಯಿಂದ ಕೈಗೆ ಬಂದ ಧ್ವನಿಮುದ್ರಣ. ಹೆಂಗಸೊಬ್ಬಳು ಖಾಲಿ ಮನೆಯಲ್ಲಿ ಒಂದೊಂದೇ ಕೋಣೆ ನೋಡುತ್ತ ಹೋಗುತ್ತಾಳೆ, ಯಾರೂ ಇಲ್ಲ, ಕೊನೆಗೆ ತಾನೇ ದೀಪ ಹಚ್ಚಿ ಕೂರುತ್ತಾಳೆ, ಅಷ್ಟೇ ಕಥೆ ಎಂದು ಬುಧವಾರ ಸಂಜೆ ಮುಸರ್ರತ್ ಹೇಳಿದಳು. ಮಾಲಾಳನ್ನು ಕರೆದುಕೊಂಡು ಹೋಗಲು ಬಂದಿದ್ದ ಭೀಮರಾಜ ಬಾಗಿಲ ಬಳಿ, ಹುಡುಗಿಯರ ಚೀಲಗಳ ರಾಶಿಯ ಪಕ್ಕ ನಿಂತಿದ್ದ. ಎದುರಿಗೆ ಗೋಡೆಯ ಉದ್ದಕ್ಕೂ ಕನ್ನಡಿ. ಅದರಲ್ಲಿ ಒಬ್ಬ ದಪ್ಪ ಗಂಡಸು ನೆಟ್ಟಗೆ ನಿಂತ ಹೆಂಗಸರ ನಡುವೆ ಕಾಯುತ್ತಿದ್ದ.

"ಭೀಮರಾಜ್ ಅವ್ರೇ, ನಿಮ್ದು ಇದೇ ಕೆಲ್ಸ ಅಂತಲ್ಲ! ಹೇಳಿ ನೋಡೋಣ, ಇದ್ರ ಮೂಡ್ ಏನು?" ಮುಸರ್ರತ್ ಗುಂಡಿ ಒತ್ತಿದಳು.

ಅವನು ನಿಜಕ್ಕೂ ಕೇಳಿದ. ಅದು ಅವನ ತಪ್ಪು. ಸುಮ್ಮನೆ ಚೆನ್ನಾಗಿದೆ ಎನ್ನಬಹುದಿತ್ತು. ಆದರೆ ತಂತಿವಾದ್ಯಗಳು ಕೆಳಗಿನ ಸ್ವರದಿಂದ ಮೆಲ್ಲಗೆ ಏಳುತ್ತಿದ್ದವು, ಮೈನರ್ ಕೀ, ಕೀರವಾಣಿಯ ನೆರಳು ಬಿದ್ದಂತೆ. ಮೇಲೆ ಒಂದು ಊದುವ ವಾದ್ಯ ಒಂಟಿಯಾಗಿ ಏನನ್ನೋ ಕೇಳುತ್ತಿತ್ತು, ಉತ್ತರ ಕೊಡಬೇಕಾದ ತಂತಿಗಳು ಪ್ರತಿ ಸಲವೂ ತುಸು ತಡಮಾಡಿ ಉತ್ತರ ಕೊಡುತ್ತಿದ್ದವು. ಬೇಕೆಂದೇ ತಡ. ಕಣ್ಣು ಮುಚ್ಚಿ ಕೇಳುತ್ತಿದ್ದವನು ತೆರೆಯದೆಯೇ "ಹಗೆ" ಎಂದ.

ಎಲ್ಲರೂ ನಕ್ಕರು. "ಅಯ್ಯೋ, ಪಾಪ ಒಬ್ಳೇ ದೀಪ ಹಚ್ಚೋಳ ಮೇಲೆ ಯಾಕ್ರೀ ಹಗೆ?" ಎಂದು ಮುಸರ್ರತ್ ನಕ್ಕಳು. ಮಾಲಾ ಕೂಡ. ಅವಳ ಬೆನ್ನು ಅವನ ಕಡೆ, ಮುಖ ಕನ್ನಡಿಯಲ್ಲಿ. ಅವಳು ನಗುತ್ತ ಅವನನ್ನು ಕನ್ನಡಿಯಲ್ಲೇ ನೋಡಿದಳು. ಬಹಳ ದಿನದ ಮೇಲೆ ನೇರವಾಗಿ ನೋಡಿದ್ದಳು, ಅದೂ ಬೇರೆಯವರ ಜೊತೆ ಸೇರಿ ನಗುವಾಗ. ಕಾರಿನಲ್ಲಿ ಬರುವಾಗ, ಗಂಗಮ್ಮ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ, ಅವಳು ಇನ್ನೂ ಅದೇ ಖುಷಿಯಲ್ಲಿದ್ದಳು.

"ರೀ, ಒಂದ್ ಕೆಲ್ಸ ಮಾಡ್ಕೊಡ್ತೀರಾ? ಮಧ್ಯದಲ್ಲಿ ಗಿರಗಿರ ಚಕ್ಕರ್ ಹೊಡಿಯೋ ಜಾಗ ಇದ್ಯಲ್ಲ, ಅದನ್ನ ಸ್ವಲ್ಪ ನಿಧಾನ ಮಾಡ್ಬೇಕು. ಮಂಡಿ ತಡಿಯಲ್ಲ. ಮೇಡಂ ಅವ್ರೇ ಫೋನಲ್ಲಿ ಮಾಡ್ತೀನಿ ಅಂದ್ರು, ನಾನ್ ಬೇಡ ಅಂದೆ. ಶ್ರುತಿ ಕೆಡತ್ತೆ, ನಮ್ ಮನೆಯವ್ರು ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ ಅಂದೆ."

ಅವಳು ಅದನ್ನು ಹೆಮ್ಮೆಯಿಂದ ಹೇಳಿದ್ದಳು. ಅವನಿಗೆ ಆ ಹೆಮ್ಮೆ ಈಗ, ಶುಕ್ರವಾರ ಸಂಜೆ, ಮನೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಾಗ ಕೇಳಿಸಿತು. ಸಿಗ್ನಲ್ಲಿನಲ್ಲಿ ಕೇಳಿಸಿದ್ದು ಬರಿಯ ಕೆಲಸ. ಹಗೆ ಎಂದು ಕೇಳುವ ಕಿವಿಯನ್ನು ನೋಡಿ ನಕ್ಕು, ಆಮೇಲೆ ಅದೇ ಕಿವಿಯಿಂದ ರಿಪೇರಿ ಮಾಡಿಸಿಕೊಳ್ಳುವುದು. ಇವತ್ತು ಆಫೀಸಿನಲ್ಲಿ ವೇದಾ ಮಾಡಿದ್ದೂ ಅದೇ ತಾನೆ. ಟೆಂಪೋ, ಕೀ ನೋಡಿ ಸರ್, ಅಷ್ಟು ಸಾಕು.

ಆದರೂ ಅವನು ಮಾಡಲೆಂದೇ ಕೂತ. ಇದು ಮುಖ್ಯ, ಆಮೇಲೆ ಅನೇಕ ಸಲ ಅವನು ತನಗೆ ತಾನೇ ಇದನ್ನು ಹೇಳಿಕೊಂಡ. ಮಧ್ಯದ ಭಾಗವನ್ನು ಗುರುತು ಹಾಕಿ, ಶ್ರುತಿ ಮುಟ್ಟದೆ ನಿಧಾನಿಸಿದ. ತಂತಿಗಳ ಸುಳಿಸುಳಿಯಾದ ಓಟ ಕೆಸರಿನಲ್ಲಿ ನಡೆದಂತೆ ಎಳೆದಾಡಿತು. ಅವಳಿಗೆ ಇದೇ ಬೇಕಾಗಿತ್ತು. ಕಿವಿಯಿಲ್ಲದವರಿಗೆ ಇದು ಧಾರಾಳವಾಗಿ ಸಾಕು. ಅವನು ಮತ್ತೆ ಮೊದಲಿನಿಂದ ಕೇಳಿದ. ಆಗ ವಾದ್ಯಗಳೆಲ್ಲದರ ತಳದಲ್ಲಿ, ಹಳೆಯ ಟೇಪುಗಳಲ್ಲಿ ಇರುವ ಹಾಗೆ, ಕರೆಂಟಿನ ಸಣ್ಣ ಗುಂಯ್‌ಗುಡುವಿಕೆ ಕೇಳಿಸಿತು. ಅದು ಇರಬೇಕಾದ ಜಾಗಕ್ಕಿಂತ ಕೆಳಗಿತ್ತು. ಅವನು ಬೆನ್ನು ನೆಟ್ಟಗೆ ಮಾಡಿ ಕೂತ. ಕರೆಂಟಿನ ಸದ್ದಿಗೆ ಒಂದೇ ಶ್ರುತಿ, ಅದು ಇಳಿದಿದೆ ಎಂದರೆ ಕಂಪ್ಯೂಟರಿಗೆ ತುಂಬಿಸುವಾಗ ಟೇಪೇ ನಿಧಾನವಾಗಿ ಓಡಿದೆ. ಅಂದರೆ ಇಡೀ ಧ್ವನಿಮುದ್ರಣವೇ ತಪ್ಪು. ಶ್ರುತಿ ಇಳಿದಿದೆ, ಲಯ ತಗ್ಗಿದೆ. ಮುಸರ್ರತ್, ಮಾಲಾ, ನಕ್ಕವರೆಲ್ಲ ಇಷ್ಟು ದಿನ ಕುಣಿದದ್ದು ತಪ್ಪು ಸಂಗೀತಕ್ಕೆ.

ತಪ್ಪನ್ನು ಸರಿಮಾಡುವುದು ಸುಲಭ. ಟೇಪಿನ ಓಟ ಏರಿಸಿದರೆ ಶ್ರುತಿಯೂ ಏರುತ್ತದೆ, ಟೆಂಪೋವೂ ಏರುತ್ತದೆ, ಒಂದನ್ನು ಬಿಟ್ಟು ಒಂದಿಲ್ಲ. ಅವನು ನಿಧಾನಿಸಿದ್ದನ್ನು ಅಳಿಸಿ, ಮೊದಲಿನ ಫೈಲನ್ನೇ ಇಡಿಯಾಗಿ ಏರಿಸಿದ. ಗುಂಯ್‌ಗುಡುವಿಕೆ ತನ್ನ ಜಾಗಕ್ಕೆ ಬಂದು ಕೂತಿತು. ತಂತಿಗಳ ಮಬ್ಬು ಹೋಗಿ ಅಂಚು ಬಂತು. ಪ್ರಶ್ನೆ ಕೇಳುವ ವಾದ್ಯ ಈಗ ಬೇಡುತ್ತಿರಲಿಲ್ಲ, ಜಗಳ ತೆಗೆಯುತ್ತಿತ್ತು. ಹಗೆ ಎಂದದ್ದು ಸುಳ್ಳಾಗಿರಲಿಲ್ಲ. ಮಧ್ಯದ ಭಾಗ? ಸರಿಪಡಿಸಿದ ಶ್ರುತಿಯಲ್ಲಿ ಅದು ಚಾಟಿಯಂತೆ ಸುತ್ತಿತು. ಈ ಭಾಗವನ್ನು ಮಾತ್ರ ನಿಧಾನಿಸಬಹುದಿತ್ತು, ಈಗಲೂ, ಶ್ರುತಿ ಹಾಗೇ ಇಟ್ಟು. ಅವನ ಕೈ ಮೌಸಿನ ಮೇಲಿತ್ತು. ಇಷ್ಟು ಚೆನ್ನಾಗಿ ಕೂತದ್ದನ್ನು ಒಂದು ಮಂಡಿಗೋಸ್ಕರ ಕೆಡಿಸುವುದೇ? ಅವನು ಕೆಡಿಸಲಿಲ್ಲ.

ಮಾಲಾ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಾಗಿಲಲ್ಲಿ ನಿಂತಳು. "ಆಯ್ತಾ?"

"ಆಯ್ತು."

"ಮಧ್ಯದ್ದು ನಿಧಾನ ಮಾಡಿದ್ರಾ?"

"ಫೋನಿಗೆ ಕಳ್ಸಿದೀನಿ, ನೋಡು."

ಸುಳ್ಳು ಹೇಳಲಿಲ್ಲ ಎಂಬುದನ್ನು ಅವನು ಗಮನಿಸಿದ. ಅವಳು "ಥ್ಯಾಂಕ್ಸ್ ರೀ" ಎಂದು ಹೋದಳು. ಶನಿವಾರ ಎಂದಿನ ಹಾಗೆ ಕಳೆಯಿತು. ಅವಳು ಅವರೆಕಾಳಿನ ಸಾರು ಮಾಡಿದಳು, ಅವನ ತಟ್ಟೆಗೆ ಎರಡನೆಯ ಸಲ ಬಡಿಸಿದಳು, ಮಗನ ಫೋನು ಬಂದಾಗ ಅವನಿಗೂ ಕೊಟ್ಟಳು. ಫೈಲಿನ ಮಾತೇ ಎತ್ತಲಿಲ್ಲ. ಕೇಳಿರಲಿಕ್ಕಿಲ್ಲ ಎಂದುಕೊಂಡ. ಕೇಳಿದ್ದರೂ ಅವಳಿಗೆ ಗೊತ್ತಾಗಿರಲಿಕ್ಕಿಲ್ಲ. ಅಷ್ಟು ಸಣ್ಣ ಏರಿಕೆ, ಅವಳಿಗೆ ಅಂಥ ಕಿವಿಯಿಲ್ಲ. ಹಾಗೆಂದುಕೊಂಡಾಗ ಸಿಕ್ಕ ಸಮಾಧಾನ ಮರುಕ್ಷಣವೇ ಹುಳಿಯಾಗುತ್ತಿತ್ತು. ಗೊತ್ತಾಗದಷ್ಟು ಸಣ್ಣದಾದರೆ ಮಾಡಿದ್ದು ಯಾಕೆ, ಗೊತ್ತಾಗುವಷ್ಟು ದೊಡ್ಡದಾದರೆ ಮಾಡಿದ್ದು ಏನು?

ಭಾನುವಾರ ಮಧ್ಯಾಹ್ನ ಯಲಹಂಕದ ಕಾಲೇಜೊಂದರ ಸಭಾಂಗಣದಲ್ಲಿ ಮಲ್ಲಿಗೆ, ಹೇರ್‌ಸ್ಪ್ರೇ, ಸಮೋಸದ ವಾಸನೆ ಒಟ್ಟಿಗೆ ತುಂಬಿತ್ತು. ಗುಲಾಬಿ ಬಣ್ಣದ ನೆರಿಗೆ ಲಂಗದ ಹುಡುಗಿಯರನ್ನು ತಾಯಂದಿರು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅಟ್ಟಾಡಿಸುತ್ತಿದ್ದರು. ಭೀಮರಾಜನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಒಂದು ಮಾರು ದೂರದಲ್ಲಿ, ವೇದಿಕೆಯ ಪಕ್ಕ, ಸೌಂಡ್ ನೋಡಿಕೊಳ್ಳುವವನ ಮೇಜು. ಸಣ್ಣವರ ಕುಣಿತಗಳೆಲ್ಲ ಮುಗಿದ ಮೇಲೆ ಮುಸರ್ರತ್ ಮೈಕು ಹಿಡಿದು ಬಂದಳು. "ಈಗ ಮಾಲಾ ಅವ್ರ ಸೋಲೋ. ಇದಕ್ಕೆ ಮ್ಯೂಸಿಕ್ ರೆಡಿ ಮಾಡ್ಕೊಟ್ಟಿರೋದು ಬೇರೆ ಯಾರೂ ಅಲ್ಲ, ಅವ್ರ ಹಸ್ಬೆಂಡ್ ಭೀಮರಾಜ್ ಅವ್ರೇ. ಎದ್ದೇಳಿ ಸರ್, ಒಂದ್ಸಲ ಎದ್ದೇಳಿ." ಚಪ್ಪಾಳೆ ಬಿತ್ತು. ಅವನು ಅರ್ಧ ಎದ್ದು, ಹಿಂದೆ ತಿರುಗಿ, ಕೈಜೋಡಿಸಿದ. ಯಾರೋ ಒಬ್ಬ ಮುದುಕಿ "ಎಂಥಾ ಗಂಡ" ಎಂದದ್ದು ಕೇಳಿಸಿತು. ಎಲ್ಲವೂ ಕೇಳಿಸುತ್ತಿತ್ತು ಅವನಿಗೆ.

ಮಾಲಾ ಬೂದುಬಣ್ಣದ ಉದ್ದ ಲಂಗದಲ್ಲಿ ಬಂದು ನಿಂತಳು. ಅವಳನ್ನು ಇಷ್ಟು ಎತ್ತರದಲ್ಲಿ, ಇಷ್ಟು ಬೆಳಕಿನಲ್ಲಿ ಅವನು ನೋಡಿರಲಿಲ್ಲ. ಕೊರಳು ಉದ್ದವಾಗಿತ್ತು. ಅಡುಗೆಮನೆಯಲ್ಲಿ ಅದು ಯಾವಾಗಲೂ ಹೀಗೇ ಇತ್ತೇ? ಸಂಗೀತ ಶುರುವಾಯಿತು, ಸರಿಯಾದ ಶ್ರುತಿಯಲ್ಲಿ. ಮೊದಲ ಭಾಗದಲ್ಲಿ ಅವಳು ತೋಳು ಎತ್ತುವುದು, ಇಳಿಸುವುದು, ಇಲ್ಲದ ಬಾಗಿಲನ್ನು ತಳ್ಳುವುದು ಎಲ್ಲವೂ ತುಸು ಹಿಂದೆ ಬೀಳುತ್ತಿತ್ತು. ಪ್ರತಿ ಸಲವೂ ಅವಳು ಓಡಿ ಹಿಡಿಯುತ್ತಿದ್ದಳು. ಬೇರೆ ಯಾರಿಗೂ ಇದು ಕಾಣುತ್ತಿರಲಿಲ್ಲ. ಅವನಿಗೆ ಮರುಕ ಹುಟ್ಟಿತು, ಅದರ ಪಕ್ಕದಲ್ಲೇ, ನಾಚಿಕೆಗೆಟ್ಟ ಒಂದು ಕುತೂಹಲ ಕಣ್ಣು ಬಿಟ್ಟು ಕೂತಿತ್ತು. ಚಕ್ಕರಿನ ಭಾಗ ಬಂತು. ಮೊದಲನೆಯದನ್ನು ಅವಳು ತಿರುಗಿದಳು. ಎರಡನೆಯದಕ್ಕೆ ಕಾಲು ಊರುವಷ್ಟರಲ್ಲಿ ಸಂಗೀತ ಮೂರನೆಯದಕ್ಕೆ ಹೋಗಿತ್ತು. ಅವಳು ಅದನ್ನು ಹಿಡಿಯಲು ಮೈ ಎಸೆದಳು. ಬಲಗಾಲು ನೆಲಕ್ಕೆ ಬಂದಾಗ ಮಂಡಿ ಒಳಕ್ಕೆ ಮಡಚಿಕೊಂಡಿತು. ಬೀಳಲಿಲ್ಲ, ಕೈ ಊರಿ ನಿಂತಳು. ಬೆಳಕಿನಲ್ಲಿ ಅವಳ ಮುಖ ಬಿಳುಚಿತು.

ಆಗ ಅವಳು ಮಾಡಿದ್ದು ಒಂದೇ. ನಿಂತಳು. ವೇದಿಕೆಯ ನಡುಮಧ್ಯೆ, ತಂತಿಗಳು ಅವಳನ್ನು ಬಿಟ್ಟು ಓಡುತ್ತಿರುವಾಗ, ಸುಮ್ಮನೆ ನಿಂತು ಮುಂದಿನ ಸಾಲನ್ನು ನೋಡಿದಳು. ಅವನನ್ನೇ. ಬುಧವಾರ ಕನ್ನಡಿಯಲ್ಲಿ ನೋಡಿದ್ದವಳು ಈಗ ಕನ್ನಡಿಯಿಲ್ಲದೆ. ಮೇಜಿನವನು ಫೋನು ನೋಡುತ್ತ ಕೂತಿದ್ದ. ಎದ್ದು ಎರಡು ಹೆಜ್ಜೆ ಇಟ್ಟು, ನಿಲ್ಸಪ್ಪ ಎಂದರೆ ಆಗುತ್ತಿತ್ತು. ಏನೋ ಟೆಕ್ನಿಕಲ್ ತೊಂದರೆ ಎಂದು ಮತ್ತೆ ಶುರುಮಾಡಬಹುದಿತ್ತು. ಇಂಥದ್ದು ಎಲ್ಲ ಕಡೆಯೂ ಆಗುತ್ತದೆ. ಭೀಮರಾಜ ಏಳಲೆಂದು ಕುರ್ಚಿಯ ಕೈ ಹಿಡಿದ. ಹಿಂದೆ ಅಷ್ಟು ಜನ. ಎದ್ದರೆ ಎಲ್ಲರಿಗೂ ಗೊತ್ತಾಗುತ್ತದೆ, ಇವನಿಗೆ ಗೊತ್ತಿತ್ತು ಎಂದು. ಅವನು ಅವಳ ಮುಖದಿಂದ ಕಣ್ಣು ತೆಗೆದು ಅವಳ ಬೂಟನ್ನು ನೋಡಿದ.

ಅವಳು ಮತ್ತೆ ಶುರುಮಾಡಿದಳು. ಬಿಟ್ಟ ಜಾಗದಿಂದ, ಎರಡನೆಯ ಚಕ್ಕರಿನಿಂದ, ತನ್ನ ನಿಧಾನದಲ್ಲಿ. ಸಂಗೀತ ಆಗಲೇ ಬೇರೆ ಕೋಣೆಯಲ್ಲಿತ್ತು. ಅವಳು ಅದನ್ನು ಹಿಡಿಯಲು ಹೋಗಲೇ ಇಲ್ಲ. ತಂತಿಗಳು ಏರಿದಾಗ ಇವಳು ಬಾಗುತ್ತಿದ್ದಳು, ಅವು ಇಳಿದಾಗ ಇವಳ ತೋಳು ಮೇಲೇಳುತ್ತಿತ್ತು. ಒಂದೇ ಮನೆಯಲ್ಲಿ ಇದ್ದೂ ಒಬ್ಬರ ಮುಖ ಒಬ್ಬರು ನೋಡದ ಇಬ್ಬರಂತೆ. ಕೊನೆಯ ಸ್ವರಗಳು ಬಂದು, ನಿಂತು, ಟೇಪಿನ ಸರಸರ ಉಳಿದು, ಅದೂ ನಿಂತಿತು. ಕೆಲವರು ಚಪ್ಪಾಳೆ ತಟ್ಟಲು ಕೈಯೆತ್ತಿ ತಡೆದರು. ಮಾಲಾಳ ಕುಣಿತ ಇನ್ನೂ ಉಳಿದಿತ್ತು. ಸಭಾಂಗಣದ ನಿಶ್ಶಬ್ದದಲ್ಲಿ ಅವಳ ಬೂಟು ಹಲಗೆಗೆ ಉಜ್ಜುವ ಸದ್ದು, ಅವಳ ಉಸಿರು, ಬಲಗಾಲು ಊರುವಾಗಲೆಲ್ಲ ಗಂಟಲಲ್ಲಿ ಹಿಡಿದಿಟ್ಟ ಒಂದು ಸಣ್ಣ ಸ್ವರ. ಒಂದೊಂದೇ ಕೋಣೆ ನೋಡಿದಳು. ಯಾರೂ ಅಲ್ಲಾಡಲಿಲ್ಲ, ಸಣ್ಣ ಹುಡುಗಿಯರು ಕೂಡ. ಕೊನೆಗೆ ಕೂತು, ಎರಡು ಅಂಗೈ ಮರೆಮಾಡಿ ಇಲ್ಲದ ದೀಪ ಹಚ್ಚಿದಳು, ಅವಸರವಿಲ್ಲದೆ. ಆಮೇಲೆ ಬಿದ್ದ ಚಪ್ಪಾಳೆ ಬಹಳ ಹೊತ್ತು ಮುಂದುವರಿಯಿತು. ಇದೆಲ್ಲ ಹೀಗೇ ಇರಬೇಕಾದ್ದು ಎಂದು ಜನ ತಿಳಿದಿದ್ದರು. ಪಕ್ಕದ ಕುರ್ಚಿಯ ಗಂಡಸು ಅವನ ಭುಜ ತಟ್ಟಿ, "ಸೂಪರ್ ಐಡಿಯಾ ಗುರು, ಮ್ಯೂಸಿಕ್ ಆಫ್ ಮಾಡಿದ್ದು" ಎಂದ.

ವೇದಿಕೆಯ ಹಿಂದೆ ಮುಸರ್ರತ್ ನಗುತ್ತಿರಲಿಲ್ಲ. ಮಾಲಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿದ್ದಳು. ಮಂಡಿ ಆಗಲೇ ಊದಿತ್ತು.

"ಫೈಲ್ ನೀವೇ ಮಾಡಿದ್ದಲ್ವಾ ಭೀಮರಾಜ್ ಅವ್ರೇ?" ಮುಸರ್ರತ್ ಕೇಳಿದಳು. "ನಿಧಾನ ಮಾಡಿ ಅಂದ್ರೆ ಸ್ಪೀಡ್ ಮಾಡಿದೀರಲ್ಲ."

"ಟೇಪೇ ನಿಧಾನ ಇತ್ತು. ಶ್ರುತಿ ಇಳ್ದಿತ್ತು. ನಾನು ಸರಿ ಮಾಡ್ದೆ."

"ಯಾರಿಗೆ ಸರಿ?"

ಅವನು ಕರೆಂಟಿನ ಸದ್ದಿನ ಬಗ್ಗೆ ಹೇಳಲು ಶುರುಮಾಡಿದ. ತನ್ನ ದನಿ ವೇದಾಳ ದನಿಯಂತೆ ಮೃದುವಾಗಿ, ಅರ್ಥಮಾಡಿಸುವಂತೆ ಹೊರಡುತ್ತಿರುವುದು ಕೇಳಿಸಿ ಅರ್ಧಕ್ಕೆ ನಿಲ್ಲಿಸಿದ. ಮಾಲಾ ಬೂಟು ಬಿಚ್ಚುತ್ತ, ತಲೆಯೆತ್ತದೆ, "ಬಿಡಿ ಮೇಡಂ. ಮನೆಗೆ ಹೋಗ್ತೀವಿ" ಎಂದಳು. ಮುಸರ್ರತ್ ಅವಳನ್ನು ತಬ್ಬಿ ಹಿಡಿದು ಕಾರಿನವರೆಗೆ ನಡೆಸಿದಳು. ಅವನು ಚೀಲ ಹೊತ್ತುಕೊಂಡು ಹಿಂದೆ ಬಂದ. ಮಾಲಾ ಮುಂದೆ ಕೂರಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಉದ್ದಕ್ಕೆ ಚಾಚಿ ಕೂತಳು. ಕಾರು ಎಂ.ಎಸ್. ಪಾಳ್ಯ ದಾಟಿತು. ಸಂಜೆಯ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಪ್ರತಿ ಗುಂಡಿಯಲ್ಲೂ ಅವಳು ಉಸಿರು ಒಳಗೆ ಎಳೆದುಕೊಳ್ಳುವುದು ಅವನ ಕತ್ತಿನ ಹಿಂದೆಯೇ ಕೇಳುತ್ತಿತ್ತು.

"ಡಾಕ್ಟರ್ ಹತ್ರ ಹೋಗೋಣ್ವಾ?"

"ನಿನ್ನೆನೇ ಕೇಳ್ದೆ ನಾನು," ಎಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ.

"ಫೈಲು. ನಿನ್ನೆ ಬೆಳಿಗ್ಗೆನೇ ಕೇಳ್ದೆ. ನಂಗೆ ಕಿವಿ ಇಲ್ಲ ಅಂದ್ಕೊಂಡಿದೀರಿ. ಕಾಲಿಗೆ ಗೊತ್ತಾಗತ್ತೆ ರೀ. ನಿಂತ್ಕೊಂಡು ಒಂದ್ಸಲ ಕೈಯೆತ್ತಿದ ತಕ್ಷಣ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ಹಳೇ ಫೈಲ್ ಹಾಕ್ಸಬಹುದಿತ್ತಲ್ಲ?"

"ಹಾಕ್ಸಬಹುದಿತ್ತು. ಫೋನಲ್ಲೇ ಇತ್ತು." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಗಣಿತ ಬಿಡಿಸಿ ತೋರಿಸುವಾಗಿನ ದನಿ. "ನಿಮ್ಮನ್ನ ನೋಡ್ಬೇಕಿತ್ತು. ಮುಂದಿನ ಸಾಲಲ್ಲಿ ಕೂತಿರ್ತೀರ, ಸೌಂಡಿನವ್ನು ಪಕ್ಕದಲ್ಲೇ ಇರ್ತಾನೆ. ನಾನು ತಡವರ್ಸೋದು ನೋಡ್ತಾ ಕೂತಿರ್ತೀರೋ, ಎದ್ದು ನಿಲ್ಸ್ತೀರೋ ಅಂತ. ಅಷ್ಟೊತ್ತು ನಿಂತ್ಕೊಂಡು ಟೈಮ್ ಕೊಟ್ಟೆ. ಚಪ್ಪಾಳೆ ತಟ್ದಾಗ ಎದ್ರಲ್ಲ."

ಜಾಲಹಳ್ಳಿಯ ವಾಯುಪಡೆಯ ಗೋಡೆ ಪಕ್ಕದಲ್ಲಿ ಓಡುತ್ತಿತ್ತು, ಮುಗಿಯದಂತೆ. ಅವನಿಗೆ ಸಿಕ್ಕಿದ್ದು ಒಂದೇ ಮಾತು, ಅದನ್ನು ಹೇಳಬಾರದು ಎಂದು ತಿಳಿದೇ ಹೇಳಿದ. "ಹಂಗಾದ್ರೆ ನಿಂದೂ ತಪ್ಪಿದೆ. ಗೊತ್ತಿದ್ದೂ ಕುಣ್ದೆ."

"ಹೂಂ. ಮಂಡಿನೂ ನಂದೇ," ಎಂದಳು.

ಶೆಟ್ಟಿಹಳ್ಳಿಯ ಮನೆ ಅವನ ತಂದೆ ಮುನಿವೆಂಕಟಯ್ಯ ಹೊಲ ಸೈಟಾದ ಕಾಲದಲ್ಲಿ ಕಟ್ಟಿಸಿದ್ದು. ಕೆಳಗೆಲ್ಲ ಬಾಡಿಗೆಯವರು, ಮೇಲೆ ಇವರು. ಲಿಫ್ಟಿಲ್ಲ. ಮೆಟ್ಟಿಲು ಒಬ್ಬರು ಹೋಗುವಷ್ಟು ಅಗಲ. ಅವನು ಭುಜ ಕೊಡಲು ಹೋದ. ಮಾಲಾ ಅವನ ಭುಜವನ್ನು, ಅಲ್ಲಿ ಅಂಥದ್ದೇನೂ ಇಲ್ಲವೆಂಬಂತೆ, ದಾಟಿ ಗೋಡೆಗೆ ಕೈಯೂರಿದಳು. ಎಡಗಾಲು ಇಟ್ಟು, ನಿಂತು, ಬಲಗಾಲನ್ನು ಎಳೆದುಕೊಂಡು, ನಿಂತು. ಅವನು ಅವಳ ಹಿಂದೆ. ಮುಂದೆ ಹೋಗಿ ಬಾಗಿಲು ತೆಗೆಸಲು ಜಾಗವಿಲ್ಲ, ಕೆಳಗೇ ನಿಲ್ಲಲೂ ಆಗುವುದಿಲ್ಲ, ಅವಳು ಜಾರಿದರೆ ಹಿಡಿಯಬೇಕು. ಕೆಳಗಿನ ಮನೆಯವರ ಕುಕ್ಕರ್ ಕೂಗಿತು. ಯಾವುದೋ ಮನೆಯ ಟಿವಿಯಲ್ಲಿ ಯಾರೋ ಕಿರುಚಾಡುತ್ತಿದ್ದರು. ಅವಳು ಅವಸರ ಮಾಡಲಿಲ್ಲ.

ಸದ್ದು ಕೇಳಿ ಮಾರಕ್ಕ ಬಾಗಿಲು ತೆಗೆದು ನಿಂತಿದ್ದಳು. ಸೊಸೆಯ ಮುಖ ನೋಡಿದಳು, ಲಂಗದ ಕೆಳಗೆ ಊದಿದ ಕಾಲು ನೋಡಿದಳು. "ಅಯ್ಯೋ ಸಿವನೇ. ಏನವ್ವ ಇದು? ಎಂಗಾಯ್ತು?"

"ಚೆನ್ನಾಗೇ ಆಯ್ತತ್ತೆ. ನಿಮ್ ಮಗನ್ನ ಕೇಳಿ," ಎಂದು ಮಾಲಾ ಗೋಡೆ ಹಿಡಿದುಕೊಂಡೇ ಕೋಣೆಯೊಳಗೆ ಹೋದಳು.

ಮಾರಕ್ಕ ಅವನತ್ತ ತಿರುಗಿದಳು. "ಏನ್ಲಾ ಭೀಮಾ? ಏನಾಯ್ತು ಯೋಳು."

ಟೇಪು ನಿಧಾನವಾಗಿತ್ತಮ್ಮ ಎಂಬ ಮಾತು ನಾಲಗೆಯವರೆಗೆ ಬಂದಿತ್ತು. ಮ್ಯೂಸಿಕ್ಕಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಯ್ತು ಎಂಬುದು ಅದರ ಹಿಂದೆ ನಿಂತಿತ್ತು. ಎರಡೂ ನಿಜ. ಅವನು ತಾಯಿಯ ಮುಖ ನೋಡಿದ. ಈ ಮುದುಕಿಗೆ ಲಯ, ಶ್ರುತಿ ಏನೂ ತಿಳಿಯದು. ಏನು ಹೇಳಿದರೂ ನಂಬುತ್ತಾಳೆ.

"ನಾನೇ ಬೀಳಿಸ್ದೆ ಅಮ್ಮ," ಎಂದ.

"ಎಲ್ಲಿಂದ?"

"ಮ್ಯೂಸಿಕ್ ನಾನೇ ಬೇಗ ಓಡೋ ಹಂಗೆ ಮಾಡಿ ಕೊಟ್ಟಿದ್ದೆ. ಅವ್ಳಿಗೆ ಆಗ್ದೇ ಇರ್ಲಿ ಅಂತ."

ಹೇಳಿದ ಮೇಲೆ ಅದು ಎಷ್ಟು ಚಿಕ್ಕ ಮಾತು ಎನ್ನಿಸಿತು. ಒಳಗಿದ್ದವಳಿಗೆ ಕೇಳಿಸಿರಬೇಕು ಎಂದುಕೊಂಡ. ಕೇಳಿಸಲಿ ಎಂದೇ ತುಸು ಗಟ್ಟಿಯಾಗಿ ಹೇಳಿದನೇನೋ ಎಂಬ ಸಂಶಯ ಅದರ ಬೆನ್ನಿಗೇ ಬಂತು. ಮಾರಕ್ಕ ಅವನನ್ನು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ.

"ಅತ್ತೆ," ಒಳಗಿನಿಂದ ಮಾಲಾ ಕರೆದಳು, "ಫ್ರಿಜ್ಜಲ್ಲಿ ಐಸ್ ಇದ್ರೆ ಒಂಚೂರು ಕೊಡ್ತೀರಾ?"

"ನಾನ್ ತರ್ತೀನಿ," ಎಂದ ಭೀಮರಾಜ.

"ಅತ್ತೆ," ಎಂದಳು ಮಾಲಾ ಮತ್ತೆ, ಅದೇ ದನಿಯಲ್ಲಿ.

ಮಾರಕ್ಕ ಅಡುಗೆಮನೆಗೆ ಹೋಗಿ, ಐಸನ್ನು ಟವಲಿನಲ್ಲಿ ಸುತ್ತಿಕೊಂಡು ಬಂದಳು. ಅವನು ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದ. "ಪಕ್ಕಕ್ಕೆ ಸರ್ಕೋ" ಎಂದಳು. ಅವನು ಸರಿದ. ಅವಳು ಒಳಗೆ ಹೋಗಿ ಕಾಲಿನಿಂದ ಬಾಗಿಲನ್ನು ಮೆಲ್ಲಗೆ ನೂಕಿ ಹಾಕಿಕೊಂಡಳು. ಒಳಗಿನಿಂದ ಇಬ್ಬರು ಹೆಂಗಸರ ತಗ್ಗಿದ ದನಿಗಳು ಬರತೊಡಗಿದವು. ಏನು ಮಾತಾಡುತ್ತಿದ್ದಾರೆಂದು ಅವನಿಗೆ ಕೇಳಿಸಲಿಲ್ಲ.